ಸಿಸೇರಿಯನ್ ನಂತರದ ಎದೆಹಾಲು: ಆಕ್ಯುಪಂಕ್ಚರ್ ಮತ್ತು ಮಸಾಜ್ ಎಷ್ಟರ ಮಟ್ಟಿಗೆ ನೆರವಾಗುತ್ತವೆ?

ಬಾಣಂತಿಯ ಅಕ್ಕ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಹೆರಿಗೆ ನೋವು ಕಾಣಿಸಿಕೊಂಡು ಬಹಳ ಹೊತ್ತಾದರೂ ಮಗು ಕೆಳಗಿಳಿಯದೆ, ಕಡೆಗೆ ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಈಗ ಮೂರನೆಯ ದಿನ ನಡೆಯುತ್ತಿದ್ದರೂ ಎದೆ ಇನ್ನೂ ಮೆತ್ತಗೇ ಇದೆ, ಹಿಂಡಿದರೆ ಹಳದಿ ಬಣ್ಣದ ನಾಲ್ಕಾರು ಹನಿ ಮಾತ್ರ ಬರುತ್ತದೆ, ಮಗುವೋ ಮೊಲೆಗೆ ಬಾಯಿ ಹಾಕಿದ ಸ್ವಲ್ಪ ಹೊತ್ತಿಗೇ ನಿದ್ದೆಗೆ ಜಾರುತ್ತದೆ. ಹಾಲು ಇಳಿಯಲು ಆಕ್ಯುಪಂಕ್ಚರ್ (ದೇಹದ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿ ಎಂದು ಒಬ್ಬರು ಹೇಳಿದರೆ, ಎದೆಯನ್ನು ಚೆನ್ನಾಗಿ ತಿಕ್ಕಿ ಗಂಟು ಬಿಡಿಸಬೇಕು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಹೊಲಿಗೆಯ ನೋವಿನಲ್ಲೇ ಕುಳಿತೇಳುತ್ತಿರುವವಳ ಮೇಲೆ ಇದನ್ನೆಲ್ಲ ಪ್ರಯೋಗಿಸಬಹುದೇ? ಇವುಗಳಿಂದ ನಿಜವಾಗಿಯೂ ಹಾಲು ಹೆಚ್ಚುತ್ತದೆಯೇ? ರಕ್ತ ಹೆಪ್ಪುಗಟ್ಟದಿರಲೆಂದು ಅವಳಿಗೆ ದಿನಕ್ಕೊಂದು ಹೆಪಾರಿನ್ ಚುಚ್ಚುಮದ್ದು ಕೊಡುತ್ತಿರುವುದನ್ನೂ ಇಲ್ಲಿ ಹೇಳಬೇಕು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಸ್ತನ್ಯಪಾನ ಸಲಹೆಗಾರ್ತಿ

ಮೊದಲು ನಿಮ್ಮ ತಂಗಿಗೆ ಒಂದು ಮಾತು ತಿಳಿಸಿ: ಮೂರನೆಯ ದಿನ ಎದೆ ಮೆತ್ತಗಿದೆ ಎಂದ ಮಾತ್ರಕ್ಕೆ ಹಾಲು ಬರುವುದಿಲ್ಲ ಎಂದು ಅರ್ಥವಲ್ಲ. ಹಾಲು ಹೇರಳವಾಗಿ ಇಳಿಯಲು ಚಾಲನೆ ಸಿಗುವುದು ಮಾಸು ಹೊರಬಿದ್ದು, ಗರ್ಭಿಣಿಯ ರಕ್ತದಲ್ಲಿ ಮೇಲುಮಟ್ಟದಲ್ಲಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ತಟ್ಟನೆ ಕುಸಿದಾಗ. ಹೆರಿಗೆ ಹೇಗೇ ಆಗಿದ್ದರೂ ಈ ಕುಸಿತ ಆಗಿಯೇ ಆಗುತ್ತದೆ, ಆದ್ದರಿಂದ ಸಿಸೇರಿಯನ್ ಆದವರ ದೇಹಕ್ಕೂ ಆ ಸಂದೇಶ ತಲುಪಿರುತ್ತದೆ. ಸಾಮಾನ್ಯವಾಗಿ ಎದೆ ತುಂಬಿ ಬರುವುದು 48ರಿಂದ 72 ಗಂಟೆಗಳ ನಡುವೆ. 72 ಗಂಟೆ ದಾಟಿದರೆ ತಡವಾಗಿದೆ ಎಂದು ಪರಿಗಣಿಸುತ್ತೇವೆ, ಮತ್ತು ಸಿಸೇರಿಯನ್ ಆದವರಲ್ಲಿ, ಅದರಲ್ಲಿಯೂ ದೀರ್ಘ ಹೆರಿಗೆ ನೋವಿನ ನಂತರ ತುರ್ತಾಗಿ ಆದವರಲ್ಲಿ, ಇಂಥ ವಿಳಂಬ ಹೆಚ್ಚಾಗಿ ಕಂಡುಬರುತ್ತದೆ.

ಈ ವಿಳಂಬಕ್ಕೆ ಕಾರಣ ಒಂದೇ ಅಲ್ಲ. ಶಸ್ತ್ರಚಿಕಿತ್ಸೆಯ ಕಾರಣ ಮಗು ತಾಯಿಯ ಎದೆಗೆ ಸೇರುವುದೇ ತಡವಾಗುತ್ತದೆ, ನೋವು ಮತ್ತು ಆತಂಕಗಳು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಬಿಡುಗಡೆಯನ್ನು ತಡೆಹಿಡಿಯುತ್ತವೆ, ರಕ್ತಸ್ರಾವ ಹೆಚ್ಚಾಗಿದ್ದರೆ ಅದೂ ಸೇರಿಕೊಳ್ಳುತ್ತದೆ. ಸ್ವೀಡನ್ನಿನ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆರಿಗೆಯಾದ ಎರಡನೆಯ ದಿನ ಹಾಲೂಡಿಸುವಾಗ ತಾಯಂದಿರ ರಕ್ತವನ್ನು ಪರೀಕ್ಷಿಸಿದ್ದರು. ಸಹಜ ಹೆರಿಗೆಯಾದವರಲ್ಲಿ ಆಕ್ಸಿಟೋಸಿನ್ ಅಲೆಅಲೆಯಾಗಿ ಏರಿಳಿದರೆ, ತುರ್ತು ಸಿಸೇರಿಯನ್ ಆದವರಲ್ಲಿ ಆ ಅಲೆಗಳು ಕಡಿಮೆಯಿದ್ದವು, ಹಾಲೂಡಿಸಲು ತೊಡಗಿದ ಮೇಲೆ ಪ್ರೊಲ್ಯಾಕ್ಟಿನ್ ಏರಬೇಕಾದಷ್ಟು ಏರಲಿಲ್ಲ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ತಯಾರಾದ ಹಾಲನ್ನು ನಾಳಗಳಿಗೆ ತಳ್ಳುತ್ತದೆ. ಮಸಾಜ್, ಆಕ್ಯುಪಂಕ್ಚರ್ ಮುಂತಾದವು ನೆರವಾಗಬಲ್ಲವು ಎಂಬ ನಿರೀಕ್ಷೆ ಹುಟ್ಟಿರುವುದು ಬಹುಮಟ್ಟಿಗೆ ಈ ಆಕ್ಸಿಟೋಸಿನ್ನಿನ ದಾರಿಯಿಂದಲೇ.

ಆದರೆ ಯಾವ ಸೂಜಿಯೂ ಯಾವ ಮಸಾಜೂ ಮಾಡಲಾಗದ ಕೆಲಸ ಒಂದಿದೆ, ಅದು ಎದೆಯಿಂದ ಹಾಲನ್ನು ಹೊರತೆಗೆಯುವುದು. ಹಾಲು ಒಳಗೇ ನಿಂತರೆ ಎದೆ ತಯಾರಿಕೆಯನ್ನು ತಾನಾಗಿಯೇ ತಗ್ಗಿಸುತ್ತದೆ, ಹೊರಗೆ ಹೋದಷ್ಟೂ ಹೆಚ್ಚಿಸುತ್ತದೆ. ಆದ್ದರಿಂದ ಚಿಕಿತ್ಸಕರನ್ನು ಹುಡುಕುವ ಮೊದಲು ಮಗುವನ್ನು ಡೈಪರ್ ಒಂದರಲ್ಲಿ ಬಿಟ್ಟು ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಕೆ ಹೊದಿಸಿ. ದಿನದಲ್ಲಿ ಎಂಟರಿಂದ ಹನ್ನೆರಡು ಬಾರಿ ಮೊಲೆಗೆ ಹಿಡಿಯಿರಿ. ಹೊಲಿಗೆಯ ಮೇಲೆ ಭಾರ ಬೀಳದಂತೆ ಮಗುವಿನ ಕಾಲುಗಳು ತಾಯಿಯ ಕಂಕುಳಿನ ಕೆಳಗಿನಿಂದ ಹಿಂದಕ್ಕೆ ಹೋಗುವ ಹಾಗೆ ಹಿಡಿಯಬಹುದು, ಅಥವಾ ಮಗ್ಗುಲಾಗಿ ಮಲಗಿಕೊಂಡು ಊಡಿಸಬಹುದು. ಮಗು ನಿದ್ದೆ ಹೋದಾಗ ಕೈಯಿಂದ ಹಿಂಡಿ.

ಕೈಯಿಂದ ಹಿಂಡುವುದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಹೆಬ್ಬೆರಳನ್ನು ತೊಟ್ಟಿನ ಮೇಲೆ, ತೋರುಬೆರಳು ಮತ್ತು ನಡುಬೆರಳನ್ನು ಕೆಳಗೆ, ತೊಟ್ಟಿನಿಂದ ಸುಮಾರು ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಇಟ್ಟು, ಮೊದಲು ಎದೆಗೂಡಿನ ಕಡೆಗೆ ನೇರವಾಗಿ ಒತ್ತಬೇಕು, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಹತ್ತಿರ ತಂದು ಅದುಮಬೇಕು, ಆಮೇಲೆ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಏನೂ ಕಾಣಿಸದಿರಬಹುದು, ನಂತರ ಹನಿಗಳು ಮೂಡುತ್ತವೆ. ಅವನ್ನು ಚಿಕ್ಕ ಚಮಚದಲ್ಲಿ ಹಿಡಿದು ಮಗುವಿನ ತುಟಿಗೆ ಮುಟ್ಟಿಸಿ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಬೇಕಾಗುವುದು 2ರಿಂದ 10 ಮಿಲಿಲೀಟರ್ ಮಾತ್ರ. ಮೂರನೆಯ ದಿನದ ಹೊತ್ತಿಗೆ ಅದು 15ರಿಂದ 30 ಮಿಲಿಲೀಟರಿಗೆ ಏರುತ್ತದೆ. ನಾಲ್ಕಾರು ಹನಿ ಎಂದು ನೀವು ಬರೆದಿರುವುದು ಮೊದಲ ದಿನಕ್ಕೆ ಸಹಜವೇ ಆದರೂ ಮೂರನೆಯ ದಿನಕ್ಕೆ ಸಾಲದು, ಆದ್ದರಿಂದ ಮಗುವಿನ ತೂಕವನ್ನು ಇಂದೇ ನೋಡಿಸಿ.

ಸೂಜಿ ಚಿಕಿತ್ಸಕ

ಮೇಲಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಹಾಲು ಕಡಿಮೆಯೆಂದು ಬರುವ ತಾಯಂದಿರಿಗೆ, ಮಗುವನ್ನು ಜೊತೆಗೇ ಕರೆತನ್ನಿ ಎಂದು ಹೇಳುವುದು ನನ್ನ ಪದ್ಧತಿ, ಏಕೆಂದರೆ ಸೂಜಿ ತೆಗೆದ ಕೂಡಲೇ ಮಗುವಿಗೆ ಹಾಲೂಡಿಸಿದರೆ ಮಾತ್ರ ಆ ಚಿಕಿತ್ಸೆಗೆ ಅರ್ಥವಿರುತ್ತದೆ.

ಚೀನೀ ವೈದ್ಯಪದ್ಧತಿಯಲ್ಲಿ ಹಾಲಿನ ಕೊರತೆಯನ್ನು ಮುಖ್ಯವಾಗಿ ಎರಡು ಬಗೆಯಾಗಿ ನೋಡುತ್ತೇವೆ. ಒಂದು, ರಕ್ತ ಮತ್ತು ಚೈತನ್ಯ ಎರಡೂ ಸೋರಿಹೋಗಿ ಬಂದ ಕೊರತೆ: ಎದೆ ಮೆತ್ತಗಿರುತ್ತದೆ, ತಾಯಿ ಬಿಳಿಚಿಕೊಂಡಿರುತ್ತಾಳೆ, ಬೇಗ ದಣಿಯುತ್ತಾಳೆ. ಶಸ್ತ್ರಚಿಕಿತ್ಸೆ ಆದವರಲ್ಲಿ ಇದೇ ಹೆಚ್ಚು. ಇನ್ನೊಂದು, ಹಾಲಿದ್ದರೂ ಹರಿಯದಿರುವ ತಡೆ: ಎದೆ ಬಿಗಿದು ನೋಯುತ್ತದೆ, ಮನಸ್ಸು ಕುದಿಯುತ್ತಿರುತ್ತದೆ. ಮೊದಲನೆಯದಕ್ಕೆ ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯ ಹೊರಮಗ್ಗುಲಲ್ಲಿರುವ ಜುಸಾನ್‌ಲಿ ಬಿಂದುವನ್ನು ಬಳಸುತ್ತೇವೆ. ಎರಡೂ ಬಗೆಗೆ ಸಲ್ಲುವುದು ಕಿರುಬೆರಳಿನ ಉಗುರಿನ ಹೊರಮೂಲೆಯಲ್ಲಿರುವ ಶಾವ್‌ಝೆ. ಹಾಲಿಗೆ ಇದು ವಿಶೇಷ ಬಿಂದುವೆಂದು ಬಹಳ ಹಿಂದಿನಿಂದಲೂ ನಂಬಿಕೆಯಿದೆ. ಎದೆಮೂಳೆಯ ನಡುವೆ ತೊಟ್ಟುಗಳ ಮಟ್ಟದಲ್ಲಿರುವ ತಾನ್‌ಝೋಂಗ್ ಮತ್ತು ಸ್ತನದ ಬುಡದಲ್ಲಿ ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿರುವ ರುಗೆನ್ ಕೂಡ ಈ ಪಟ್ಟಿಯಲ್ಲಿವೆ.

ಸಿಸೇರಿಯನ್ ಆದವರ ಹೊಟ್ಟೆಯ ಬಿಂದುಗಳನ್ನು ನಾನು ಮುಟ್ಟುವುದಿಲ್ಲ. ತಾಯಿಯನ್ನು ಬೋರಲು ಮಲಗಿಸುವುದೂ ಇಲ್ಲ, ತಲೆಯ ಕಡೆ ಎತ್ತರಿಸಿದ ಹಾಸಿಗೆಯಲ್ಲಿ ಮೊಣಕಾಲ ಕೆಳಗೆ ದಿಂಬಿಟ್ಟು ಒರಗಿಸುತ್ತೇನೆ. ಸೂಜಿಗಳು ಒಮ್ಮೆ ಮಾತ್ರ ಬಳಸುವಂಥವು, ಕ್ರಿಮಿಶುದ್ಧವಾದವು, ರೋಗಿಯ ಕಣ್ಣೆದುರಿಗೇ ಪೊಟ್ಟಣ ಒಡೆಯಬೇಕು. ಸೂಜಿಗೆ ಹೆದರುವ ತಾಯಿಗೆ ಆ ಬಿಂದುಗಳನ್ನು ಬೆರಳಿನಿಂದ ಒತ್ತಿದರೂ ಸಾಕು. ಟೆಹ್ರಾನಿನ ಆರೋಗ್ಯ ಕೇಂದ್ರಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾವ್‌ಝೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು, ಭುಜದ ಮೇಲಿನ ಜಿಯಾನ್‌ಜಿಂಗ್ ಈ ಮೂರು ಬಿಂದುಗಳನ್ನು ತಾಯಂದಿರೇ ಒತ್ತಿಕೊಂಡಾಗ ಹಿಂಡಿದ ಹಾಲಿನ ಪ್ರಮಾಣ ಹೆಚ್ಚಾಗಿತ್ತು. ಸಿಸೇರಿಯನ್ ಆದವರಲ್ಲಿಯೇ ಕಿವಿಯ ಮೇಲಿನ ಬಿಂದುಗಳಿಗೆ ಚಿಕ್ಕ ಬೀಜಗಳನ್ನು ಅಂಟಿಸಿ ಒತ್ತುವ ಕ್ರಮವನ್ನು ಚೀನಾದಲ್ಲಿ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿದ್ದಾರೆ.

ಪ್ರಸೂತಿ ವೈದ್ಯೆ

ಇಲ್ಲಿಯವರೆಗೆ ಚರ್ಚೆ ಸಮಾಧಾನವಾಗಿ ಸಾಗಿರುವುದರಿಂದ ನಾನೂ ನಿಧಾನವಾಗಿಯೇ ಬರೆಯುತ್ತೇನೆ, ಆದರೆ ಎರಡು ವಿಷಯಗಳನ್ನು ಮೃದುಗೊಳಿಸದೆ ಹೇಳಬೇಕಾಗಿದೆ.

ಮೊದಲನೆಯದು ಪುರಾವೆಯ ತೂಕ. ಆಕ್ಯುಪಂಕ್ಚರ್‌ನಿಂದ ಹಾಲು ಹೆಚ್ಚಿತೆಂದು ಹೇಳುವ ಅಧ್ಯಯನಗಳಲ್ಲಿ ಬಹಳಷ್ಟು ಚಿಕ್ಕವು. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿದೆ ಎಂಬುದು ತಾಯಿಗೂ ಅಳೆಯುವವರಿಗೂ ಗೊತ್ತಿರುತ್ತದೆ, ಮತ್ತು ಹೆರಿಗೆಯ ನಂತರದ ಮೊದಲ ವಾರದಲ್ಲಿ ಹಾಲು ಹೇಗಿದ್ದರೂ ದಿನದಿಂದ ದಿನಕ್ಕೆ ಹೆಚ್ಚುತ್ತಲೇ ಹೋಗುತ್ತದೆ. ಈ ಸಹಜವಾದ ಏರಿಕೆಯಿಂದ ಚಿಕಿತ್ಸೆಯ ಪಾಲನ್ನು ಬೇರ್ಪಡಿಸಿ ತೋರಿಸುವುದು ಕಷ್ಟ. ಎದೆ ಬಿಗಿತ ಮತ್ತು ಉರಿಯೂತದ ವಿಷಯದಲ್ಲಿ ಪುರಾವೆ ಸ್ವಲ್ಪ ಗಟ್ಟಿಯಾಗಿದೆ. ಸ್ವೀಡನ್ನಿನಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂಜಿ ಹಾಕಿಸಿಕೊಂಡವರ ಲಕ್ಷಣಗಳು ಮೂರನೆಯ ಮತ್ತು ನಾಲ್ಕನೆಯ ದಿನಗಳಲ್ಲಿ ಹೆಚ್ಚು ಸೌಮ್ಯವಾಗಿದ್ದವು. ಉರಿಯೂತವನ್ನು ತಡೆಗಟ್ಟುವ ಕ್ರಮಗಳ ಕುರಿತು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಹೊರತಂದ ವಿಮರ್ಶೆಯು, ಬಿಂದುಗಳನ್ನು ಒತ್ತುವ ಮಸಾಜ್ ಸಾಮಾನ್ಯ ಆರೈಕೆಗಿಂತ ಬಹುಶಃ ಮೇಲು ಎಂದು ಹೇಳಿದೆ. ಹಾಲು ಹಿಂಡುವ ವಿಧಾನಗಳನ್ನು ಕುರಿತ ಅದೇ ಸಂಸ್ಥೆಯ ಇನ್ನೊಂದು ವಿಮರ್ಶೆಯು ಮಸಾಜ್, ಎದೆಗೆ ಬಿಸಿ ತಾಗಿಸುವುದು, ಮನಸ್ಸು ಸಡಿಲಿಸುವ ಸಂಗೀತ ಮುಂತಾದ ಸರಳ ಕ್ರಮಗಳು ನೆರವಾಗಬಹುದು ಎನ್ನುತ್ತದೆ. ಹೀಗಾಗಿ ನಾನು ತಾಯಂದಿರಿಗೆ ಹೇಳುವುದು ಇಷ್ಟು: ನೋವು, ಬಿಗಿತ, ದಣಿವುಗಳಿಗೆ ಇವು ಒಳ್ಳೆಯ ಜೊತೆಗಾರರು, ಹಾಲಿನ ಪ್ರಮಾಣದ ಬಗ್ಗೆ ಮಾತ್ರ ಇವುಗಳಿಂದ ಭರವಸೆ ಕೊಡಲಾಗದು.

ಎರಡನೆಯದು ಸುರಕ್ಷತೆ. ಎದೆಮೂಳೆಯ ಬಿಂದುವಿನ ಬಗ್ಗೆ ಸೂಜಿ ಚಿಕಿತ್ಸಕರಿಗೆ ಗೊತ್ತಿರುತ್ತದೆ, ಆದರೆ ತಾಯಂದಿರಿಗೂ ಗೊತ್ತಿರಲಿ. ಕೆಲವರ ಎದೆಮೂಳೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿರುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ಅಲ್ಲಿ ನೇರವಾಗಿ ಇಳಿದ ಸೂಜಿ ಹೃದಯದ ಕವಚಕ್ಕೆ ತಗುಲಿ ಜೀವಕ್ಕೇ ಅಪಾಯವಾದ ಘಟನೆಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸ್ತನದ ಬುಡದ ಪಕ್ಕೆಲುಬಿನ ಸಂದಿಯಲ್ಲಿಯೂ ಭುಜದ ಮೇಲಿನ ಬಿಂದುವಿನಲ್ಲಿಯೂ ಆಳವಾಗಿ ಚುಚ್ಚಿದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ಅಪಾಯವಿದೆ. ಇವೆಲ್ಲ ವಿರಳ, ಆದರೂ ಕೈಕಾಲಿನ ಬಿಂದುಗಳಿರುವಾಗ ಎದೆಗೂಡಿಗೆ ಸೂಜಿ ಹಾಕಿಸಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಹೆಪಾರಿನ್ ವಿಷಯ ನೀವು ಹೇಳಿದ್ದು ಒಳ್ಳೆಯದಾಯಿತು. ಹೆರಿಗೆಯ ನಂತರದ ಆರು ವಾರ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುತ್ತದೆ, ಸಿಸೇರಿಯನ್ ಆದವರಲ್ಲಿ ಇನ್ನೂ ಹೆಚ್ಚು. ಮಸಾಜ್ ಮಾಡುವವರು ಕಾಲನ್ನು ಬಲವಾಗಿ ನೀವಲು ಹೊರಟರೆ ತಡೆಯಿರಿ. ಒಂದು ಮೀನಖಂಡ ಮಾತ್ರ ಊದಿ, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ತಿಕ್ಕಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಪಾರಿನ್ ತೆಗೆದುಕೊಳ್ಳುತ್ತಿರುವವರಿಗೆ ಆಳವಾದ ಸೂಜಿ ಬೇಡ. ಮೇಲುಮೇಲಿನ ಸೂಜಿಗೂ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಒಪ್ಪಿಗೆ ಪಡೆಯಿರಿ, ಚುಚ್ಚಿದ ಜಾಗವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ.

ಇನ್ನೊಂದು ಮಾತು. ನೋವು ಸಹಿಸಿಕೊಳ್ಳುವುದು ತಾಯ್ತನದ ಲಕ್ಷಣವೆಂದು ಭಾವಿಸಿ ನೋವಿನ ಮಾತ್ರೆಯನ್ನು ಬದಿಗಿಡುವ ಬಾಣಂತಿಯರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಹಾಲೂಡಿಸುವವರಿಗೆ ಸಾಮಾನ್ಯವಾಗಿ ಸುರಕ್ಷಿತ. ಬೇರೆ ಕಾಯಿಲೆಯಿದ್ದರೆ ಮಾತ್ರ ವೈದ್ಯರು ಬದಲಿಸುತ್ತಾರೆ. ಕೊಡೀನ್ ಮತ್ತು ಟ್ರಮಡಾಲ್ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ವೇಳೆಗೆ ಸರಿಯಾಗಿ ನುಂಗಿದ ಮಾತ್ರೆ ತಾಯಿಯನ್ನು ನೆಟ್ಟಗೆ ಕೂರಿಸುತ್ತದೆ, ಮಗುವನ್ನು ಸರಿಯಾಗಿ ಹಿಡಿಯುವಂತೆ ಮಾಡುತ್ತದೆ. ಹಾಲಿಗೆ ಅದೂ ಒಂದು ಚಿಕಿತ್ಸೆಯೇ.

ಎರಡು ಮಕ್ಕಳ ತಾಯಿ

ನನಗೆ ಎರಡೂ ಸಿಸೇರಿಯನ್. ಮೊದಲನೆಯ ಸಲ ಎದೆ ಕಲ್ಲಿನಂತಾದಾಗ ಗಂಟು ಕರಗಿಸುತ್ತೇನೆಂದು ಬಂದ ಒಬ್ಬರು ಗೆಣ್ಣಿನಿಂದ ಒತ್ತಿ ತಿಕ್ಕಿದರು. ನೋವಿಗೆ ಕಣ್ಣೀರು ಬಂದರೂ ಒಳ್ಳೆಯದಕ್ಕೇ ಎಂದು ಸುತ್ತಲಿದ್ದವರು ಸಮಾಧಾನ ಹೇಳಿದರು. ಮರುದಿನ ಆ ಭಾಗ ಕೆಂಪಾಗಿ, ಇನ್ನಷ್ಟು ಊದಿ, ಜ್ವರ ಬಂದಿತು. ಎರಡನೆಯ ಸಲ ಯಾರಿಗೂ ಎದೆ ಮುಟ್ಟಲು ಬಿಡಲಿಲ್ಲ. ಬದಲಿಗೆ ನನ್ನ ಗಂಡ ಪ್ರತಿ ಬಾರಿ ಹಾಲೂಡಿಸುವ ಮುಂಚೆ ಬೆನ್ನನ್ನು ನಿಧಾನವಾಗಿ ನೀವುತ್ತಿದ್ದರು. ಭುಜ ಇಳಿದು ಉಸಿರು ಆಳವಾದ ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಜುಮ್ಮೆಂದು ಹಾಲು ಇಳಿಯುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು, ಅದೇ ಕ್ಷಣ ಕಿಬ್ಬೊಟ್ಟೆ ಹಿಂಡಿದಂತಾಗುತ್ತಿತ್ತು. ಆ ಹಿಂಡುವಿಕೆ ಗರ್ಭಕೋಶ ಕುಗ್ಗುತ್ತಿರುವ ಗುರುತು, ಹಾಲೂ ಇಳಿಯುತ್ತಿದೆ ಎಂದರ್ಥ ಎಂದು ದಾದಿಯೊಬ್ಬರು ಹೇಳಿದ ಮೇಲೆ ಆ ನೋವಿಗೆ ನಾನು ಹೆದರಲಿಲ್ಲ.

ಭೌತಚಿಕಿತ್ಸಕಿ

ಮೇಲಿನ ತಾಯಿಯ ಅನುಭವ ಎಷ್ಟು ಜನರದ್ದು ಎಂದು ಹೇಳತೀರದು. ಬಿಗಿದ ಎದೆಯೊಳಗೆ ಇರುವುದು ಹಾಲಿನ ಗಂಟು ಎಂಬ ಕಲ್ಪನೆಯೇ ಈ ಎಲ್ಲ ಹಿಂಸೆಯ ಮೂಲ. ಅಲ್ಲಿರುವುದು ಹೆಚ್ಚಾಗಿ ಊತ: ಹಾಲಿನ ಗ್ರಂಥಿಗಳ ಸುತ್ತಲಿನ ಅಂಗಾಂಶದಲ್ಲಿ ಸೇರಿಕೊಂಡ ರಕ್ತ ಮತ್ತು ದ್ರವ. ಬಲವಾಗಿ ಒತ್ತಿದರೆ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಇನ್ನೂ ಹೆಚ್ಚುತ್ತದೆ. ಅಂತಾರಾಷ್ಟ್ರೀಯ ಸ್ತನ್ಯಪಾನ ವೈದ್ಯರ ಸಂಘಟನೆಯಾದ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಆಳವಾದ ಮಸಾಜ್ ಬೇಡವೆಂದು ನೇರವಾಗಿಯೇ ಹೇಳಿದೆ. ದುಗ್ಧರಸ (ಲಿಂಫ್, ಅಂದರೆ ಹಾಲಲ್ಲ, ಅಂಗಾಂಶಗಳಿಂದ ಹೊರಹರಿಯುವ ದ್ರವ) ಹರಿಯಲು ನೆರವಾಗುವಂತೆ ಚರ್ಮವನ್ನು ಮಾತ್ರ ಸವರುವಷ್ಟು ಹಗುರವಾದ ಸ್ಪರ್ಶ, ತಂಪು ಪಟ್ಟಿ, ಉರಿಯೂತ ಇಳಿಸುವ ಮಾತ್ರೆ ಇವನ್ನು ಅದು ಸೂಚಿಸುತ್ತದೆ.

ಹಗುರ ಎಂದರೆ ಎಷ್ಟು ಹಗುರ? ಬೆಕ್ಕಿನ ಬೆನ್ನನ್ನು ಸವರುವಷ್ಟು. ಮೊದಲು ಕೊರಳೆಲುಬಿನ ಮೇಲಿನ ಗುಳಿಯಲ್ಲಿಯೂ ಕಂಕುಳಿನಲ್ಲಿಯೂ ಬೆರಳ ತುದಿಯಿಂದ ಕೆಲವು ಸಲ ಮೆಲ್ಲನೆ ವೃತ್ತಾಕಾರವಾಗಿ ಆಡಿಸಿ. ನಂತರ ತೊಟ್ಟಿನ ಕಡೆಯಿಂದ ಕಂಕುಳಿನ ಕಡೆಗೆ, ಕೊರಳೆಲುಬಿನ ಕಡೆಗೆ ಅಂಗೈಯಿಂದ ಸವರಿ. ಹೊರಗೆ ಹೋಗಬೇಕಾಗಿರುವುದು ಊತದ ದ್ರವ, ಅದರ ದಾರಿ ಇರುವುದು ಆ ಕಡೆಗೆ. ಎಣ್ಣೆ ಬಳಸುವುದಾದರೆ ಸುವಾಸನೆಯಿಲ್ಲದ್ದು, ತೊಟ್ಟಿಗೂ ಅದರ ಸುತ್ತಲಿನ ಕಪ್ಪು ವೃತ್ತಕ್ಕೂ ತಾಗದಂತೆ ಬಳಸಿ. ಮಗು ಮೊಲೆಯನ್ನು ಹುಡುಕುವುದು ಆ ವೃತ್ತದ ಗ್ರಂಥಿಗಳ ವಾಸನೆಯಿಂದ, ಅದನ್ನು ಮುಚ್ಚಬಾರದು.

ಬೆನ್ನಿನ ಮಸಾಜ್ ನನ್ನ ಮಟ್ಟಿಗೆ ಸಿಸೇರಿಯನ್ ಆದವರಿಗೆ ಅತ್ಯಂತ ಸೂಕ್ತವಾದದ್ದು. ಇಂಡೊನೇಷ್ಯಾದಲ್ಲಿ ಸೂಲಗಿತ್ತಿಯರು ಇದನ್ನು ಆಕ್ಸಿಟೋಸಿನ್ ಮಸಾಜ್ ಎಂಬ ಹೆಸರಿನಿಂದಲೇ ವ್ಯಾಪಕವಾಗಿ ಮಾಡುತ್ತಾರೆ. ತಾಯಿ ಕುರ್ಚಿಯಲ್ಲಿ ಕುಳಿತು, ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ತೋಳುಗಳನ್ನೂ ತಲೆಯನ್ನೂ ಒರಗಿಸಲಿ. ಹೊಲಿಗೆ ಮಡಿಕೆಯಲ್ಲಿ ಸಿಲುಕದಂತೆ ಹೊಟ್ಟೆಗೂ ತೊಡೆಗೂ ನಡುವೆ ಚಿಕ್ಕ ದಿಂಬಿರಲಿ. ಮಸಾಜ್ ಮಾಡುವವರು ಎರಡು ಹೆಬ್ಬೆರಳುಗಳನ್ನು ಬೆನ್ನೆಲುಬಿನ ಎರಡೂ ಬದಿಗೆ ಇಟ್ಟು, ಮೂಳೆಯ ಮೇಲೆ ಒತ್ತದೆ, ಕತ್ತಿನ ಬುಡದಿಂದ ಭುಜದ ಹಲಗೆಗಳ ಕೆಳತುದಿಯವರೆಗೆ ಚಿಕ್ಕ ಚಿಕ್ಕ ವೃತ್ತಗಳಲ್ಲಿ ಇಳಿದುಬರಬೇಕು. ಮೂರರಿಂದ ಐದು ನಿಮಿಷ ಸಾಕು. ಸೊಂಟದಲ್ಲಿ ಅರಿವಳಿಕೆಯ ಸೂಜಿ ಹಾಕಿದ ಜಾಗವನ್ನು ಬಿಟ್ಟುಬಿಡಿ. ಕುಳಿತ ಕೂಡಲೇ ತಲೆ ಸಿಡಿಯುವಂತಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವಿದ್ದರೆ ಮಸಾಜ್ ನಿಲ್ಲಿಸಿ ಅರಿವಳಿಕೆ ತಜ್ಞರಿಗೆ ತಿಳಿಸಿ, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಹೊಟ್ಟೆಯ ಮೇಲೆ ಈಗ ಯಾವ ಮಸಾಜೂ ಬೇಡ. ಗಾಯದ ಕಲೆಯನ್ನು ಸಡಿಲಿಸುವ ಮಸಾಜ್ ಸುಮಾರು ಆರು ವಾರಗಳ ನಂತರ, ಗಾಯ ಪೂರ್ತಿ ಮಾಗಿದ ಮೇಲಿನ ಮಾತು.

ಬಾಣಂತಿಯ ಅಕ್ಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ನೀವು ಹೇಳಿದಂತೆ ಮಗುವನ್ನು ಬರಿ ಎದೆಗೆ ಹಾಕಿ, ಊಡಿಸಿದ ಮೇಲೆ ಪ್ರತಿ ಬಾರಿಯೂ ಕೈಯಿಂದ ಹಿಂಡಿಸಿದೆವು, ಬೆನ್ನನ್ನು ನಾನೇ ನೀವಿದೆ. ನಾಲ್ಕನೆಯ ದಿನ ರಾತ್ರಿ ಎದೆ ತುಂಬಿ ಬಂದಿತು, ಆದರೆ ಈಗ ಇನ್ನೊಂದು ತೊಂದರೆ ಎದುರಾಗಿದೆ. ಎದೆ ಎಷ್ಟು ಬಿಗಿದಿದೆಯೆಂದರೆ ತೊಟ್ಟು ಒಳಗೆ ಸೇರಿದಂತಾಗಿ ಮಗುವಿನ ಬಾಯಿಗೆ ಸಿಗುತ್ತಿಲ್ಲ. ಕಪ್ಪು ವೃತ್ತದ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ, ಪಾದಗಳೂ ಊದಿವೆ. ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಶೇಕಡಾ 8ರಷ್ಟು ಇಳಿದಿದೆಯೆಂದು ಹೇಳಿದರು. ಪಂಪ್ ಹಾಕಿದರೆ ಊತ ಹೆಚ್ಚಾದಂತೆ ಕಾಣುತ್ತದೆ. ಈಗ ಆಕ್ಯುಪಂಕ್ಚರ್ ಮಾಡಿಸುವುದು ಸರಿಯೇ?

ಸ್ತನ್ಯಪಾನ ಸಲಹೆಗಾರ್ತಿ

ಬೆರಳಿಟ್ಟರೆ ಗುಳಿ ಬೀಳುವುದು ಮತ್ತು ಪಾದ ಊದಿರುವುದು, ಎರಡೂ ಸೇರಿ ಒಂದೇ ಕಥೆ ಹೇಳುತ್ತಿವೆ. ಹೆರಿಗೆ ಮತ್ತು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತನಾಳದ ಮೂಲಕ ಕೊಟ್ಟ ದ್ರವ ದೇಹದಲ್ಲಿ ಉಳಿದು ಎದೆಯಲ್ಲಿಯೂ ಸೇರಿಕೊಂಡಿದೆ. ಪಂಪ್ ಆ ದ್ರವವನ್ನು ತೊಟ್ಟಿನ ಕಡೆಗೇ ಎಳೆಯುವುದರಿಂದ ಸದ್ಯಕ್ಕೆ ಅದನ್ನು ಬದಿಗಿಡಿ.

ಅದರ ಬದಲು ಹೀಗೆ ಮಾಡಿ. ತಾಯಿಯನ್ನು ಹಿಂದಕ್ಕೆ ಒರಗಿಸಿ. ಉಗುರು ಕತ್ತರಿಸಿದ ಬೆರಳುಗಳ ತುದಿಗಳನ್ನು ತೊಟ್ಟಿನ ಬುಡಕ್ಕೆ ತಾಗುವಂತೆ ಸುತ್ತಲೂ ಹೂವಿನ ಆಕಾರದಲ್ಲಿ ಇಟ್ಟು, ಎದೆಗೂಡಿನ ಕಡೆಗೆ ನೇರವಾಗಿ, ನೋವಾಗದಷ್ಟು ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ಊತ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ದ್ರವ ಹಿಂದಕ್ಕೆ ಸರಿದು ತೊಟ್ಟಿನ ಸುತ್ತ ಕುಳಿಗಳು ಮೂಡಿ, ಆ ಭಾಗ ಮೆತ್ತಗಾಗುತ್ತದೆ. ಆ ಮೆತುವು ಹೆಚ್ಚು ಹೊತ್ತು ಉಳಿಯದಾದ್ದರಿಂದ ಕೂಡಲೇ ಮಗುವನ್ನು ಹಿಡಿಯಬೇಕು. ಪ್ರತಿ ಸಲ ಊಡಿಸುವ ಮುಂಚೆಯೂ ಇದನ್ನು ಮಾಡಿ. ಊಡಿಸುವುದರ ನಡುವಿನ ಹೊತ್ತಿನಲ್ಲಿ ತಂಪು ಪಟ್ಟಿಯಿಡಿ, ಭೌತಚಿಕಿತ್ಸಕಿಯವರು ಹೇಳಿದಂತೆ ಹಗುರವಾಗಿ ಸವರಿ.

ತೂಕದ ಬಗ್ಗೆ: ಶೇಕಡಾ 7ಕ್ಕಿಂತ ಹೆಚ್ಚು ಇಳಿದರೆ ಊಡಿಸುವ ಕ್ರಮವನ್ನು ಯಾರಾದರೂ ಕುಳಿತು ನೋಡಿ ಸರಿಪಡಿಸಬೇಕು, 10ನ್ನು ಮುಟ್ಟಿದರೆ ಮಕ್ಕಳ ವೈದ್ಯರು ತಪ್ಪದೆ ಪರೀಕ್ಷಿಸಬೇಕು. ಅದೇ ದ್ರವ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗಿ ಹುಟ್ಟಿನ ತೂಕವನ್ನು ಸ್ವಲ್ಪ ಹೆಚ್ಚಿಸಿರಬಹುದು, ಆದ್ದರಿಂದ ಮೊದಲ 24 ಗಂಟೆಯ ನಂತರದ ತೂಕವಿದ್ದರೆ ಅದರೊಂದಿಗೆ ಹೋಲಿಸಿ ನೋಡಲು ಕೇಳಿ. ಅಲ್ಲಿಯವರೆಗೆ ಹಿಂಡಿದ ಹಾಲನ್ನೆಲ್ಲ ಚಮಚದಲ್ಲೋ ಚಿಕ್ಕ ಲೋಟದಲ್ಲೋ ಮಗುವಿಗೆ ಕೊಡಿ. ಅದು ಸಾಲದೆಂದು ವೈದ್ಯರು ಬೇರೆ ಹಾಲು ಸೂಚಿಸಿದರೆ ಅದನ್ನು ಸೋಲೆಂದು ತಿಳಿಯಬೇಡಿ. ಹೊಟ್ಟೆಗೆ ಹಾಲು ಬಿದ್ದ ಮಗುವಿಗೇ ಮೊಲೆಯನ್ನು ಗಟ್ಟಿಯಾಗಿ ಎಳೆಯುವ ಶಕ್ತಿ ಬರುವುದು.

ಸೂಜಿ ಚಿಕಿತ್ಸಕ

ವೈದ್ಯೆಯವರು ಎದೆಗೂಡಿನ ಬಿಂದುಗಳ ಬಗ್ಗೆ ಬರೆದದ್ದು ಸರಿಯಾಗಿದೆ. ತರಬೇತಿ ಪಡೆದವರು ಅಲ್ಲಿ ಸೂಜಿಯನ್ನು ಚರ್ಮಕ್ಕೆ ಸಮಾನಾಂತರವಾಗಿ, ಮೇಲುಪದರದಲ್ಲಿ ಮಾತ್ರ ಸರಿಸುತ್ತಾರೆ. ಆದರೂ ಈ ತಾಯಿಯ ಸ್ಥಿತಿಯಲ್ಲಿ, ಹೆಪಾರಿನ್ ನಡೆಯುತ್ತಿರುವಾಗ, ಊದಿದ ಎದೆಯ ಹತ್ತಿರ ನಾನು ಸೂಜಿ ಇಡುವುದಿಲ್ಲ. ಊದಿರುವ ಕಾಲಿನ ಬಿಂದುಗಳನ್ನೂ ಬಿಡುತ್ತೇನೆ. ವೈದ್ಯರು ಒಪ್ಪಿದರೆ ಕೈಯ ಎರಡು ಬಿಂದುಗಳಿಗೆ ಸಣ್ಣ ಸೂಜಿ ಹಾಕಬಹುದು; ಒಪ್ಪದಿದ್ದರೆ ಹೆಗು ಮತ್ತು ಶಾವ್‌ಝೆಗಳನ್ನು ಹೆಬ್ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಬಿಡಿ, ದಿನಕ್ಕೆ ಮೂರು ಸಲ, ಊಡಿಸುವ ಮುಂಚೆ. ಶಾವ್‌ಝೆ ಬಹಳ ಚಿಕ್ಕ ಜಾಗ, ಅಲ್ಲಿ ಉಗುರು ಊರದೆ ಬೆರಳಿನ ಮೆತ್ತನೆಯ ಭಾಗವನ್ನೇ ಬಳಸಿ. ಯಾವ ಚಿಕಿತ್ಸಕರಾದರೂ ಇಷ್ಟು ಸಲ ಬಂದರೆ ಹಾಲು ಖಂಡಿತ ಹೆಚ್ಚುತ್ತದೆ ಎಂದು ಮಾತು ಕೊಟ್ಟರೆ, ಅಥವಾ ವೈದ್ಯರ ಮಾತ್ರೆಗಳನ್ನು ನಿಲ್ಲಿಸಿ ಎಂದರೆ, ಅಲ್ಲಿಂದ ಎದ್ದು ಬನ್ನಿ.

ಪ್ರಸೂತಿ ವೈದ್ಯೆ

ಎದೆ ತುಂಬಿ ಬಂದಿರುವುದು ಸಂತೋಷದ ಸುದ್ದಿ. ಎರಡೂ ಪಾದಗಳು ಸಮನಾಗಿ ಊದಿದ್ದರೆ ಅದು ಬಹುಮಟ್ಟಿಗೆ ದ್ರವದ ಊತವೇ ಇರುತ್ತದೆ, ಆದರೂ ರಕ್ತದೊತ್ತಡವನ್ನು ಇಂದು ಅಳೆಯಿಸಿ, ಏಕೆಂದರೆ ಹೆರಿಗೆಯಾದ ಮೇಲೂ ಅದು ಏರುವುದುಂಟು. ತಲೆನೋವು ಅಥವಾ ಕಣ್ಣು ಮಂಜಾಗುವುದು ಜೊತೆಗಿದ್ದರೆ ಒಂದು ಗಳಿಗೆಯೂ ಕಾಯಬೇಡಿ.

ಈ ಚರ್ಚೆಯನ್ನು ಓದುತ್ತಿರುವ ಇತರರಿಗಾಗಿ ಇನ್ನೊಂದು ವಿಷಯ. ವಾರ ಕಳೆದರೂ ಎದೆ ತುಂಬದಿದ್ದರೆ ಮಸಾಜ್ ಹೆಚ್ಚಿಸುವ ಬದಲು ಕಾರಣ ಹುಡುಕಬೇಕು. ಸಿಸೇರಿಯನ್ನಿನಲ್ಲಿಯೂ ಮಾಸಿನ ತುಣುಕು ಗರ್ಭಕೋಶದಲ್ಲಿ ಉಳಿಯುವುದುಂಟು; ಅದು ಉಳಿದಿರುವವರೆಗೆ ಪ್ರೊಜೆಸ್ಟರಾನ್ ಪೂರ್ತಿ ಇಳಿಯದೆ ಹಾಲಿಗೆ ತಡೆಯಾಗುತ್ತದೆ. ಸ್ರಾವ ಹೆಚ್ಚಾಗುವುದು ಅಥವಾ ವಾಸನೆ ಬರುವುದು ಅದರ ಸೂಚನೆ. ಥೈರಾಯ್ಡ್ ದೋಷ, ಮಧುಮೇಹ, ಹಿಂದೆ ಆದ ಸ್ತನದ ಶಸ್ತ್ರಚಿಕಿತ್ಸೆ, ಹಾಲಿನ ಗ್ರಂಥಿಗಳೇ ಕಡಿಮೆಯಿರುವುದು, ಭಾರೀ ರಕ್ತಸ್ರಾವದಿಂದ ಪಿಟ್ಯುಟರಿ ಗ್ರಂಥಿಗೆ ಆದ ಹಾನಿ, ಇವೆಲ್ಲವನ್ನೂ ಪರೀಕ್ಷೆಯಿಂದ ತಿಳಿಯಬಹುದು. ಇಂಥ ಕಾರಣವಿದ್ದವರನ್ನು ಚಿಕಿತ್ಸೆಯಿಂದ ಚಿಕಿತ್ಸೆಗೆ ಅಲೆಸಿ, ಅವರ ಪ್ರಯತ್ನವೇ ಸಾಲದೆಂಬ ಭಾವನೆ ಹುಟ್ಟಿಸುವುದು ಅನ್ಯಾಯ.

ಬಾಣಂತಿಯ ಅಕ್ಕ

ತೊಟ್ಟಿನ ಸುತ್ತ ಒತ್ತಿದ ಮೇಲೆ ಮಗು ಚೆನ್ನಾಗಿ ಬಾಯಿ ತೆರೆದು ಹಿಡಿಯಿತು, ನುಂಗುವ ಸದ್ದು ಮೊದಲ ಬಾರಿಗೆ ಕೇಳಿಸಿತು. ರಕ್ತದೊತ್ತಡ ಸರಿಯಿದೆ. ಸೂಜಿಯನ್ನು ಸದ್ಯಕ್ಕೆ ಬಿಟ್ಟು, ಬೆನ್ನಿನ ಮಸಾಜ್ ಮತ್ತು ಕೈಬಿಂದುಗಳನ್ನು ಒತ್ತುವುದನ್ನು ಮುಂದುವರಿಸುತ್ತೇವೆ. ಕೊನೆಯದಾಗಿ ಒಂದು ಪ್ರಶ್ನೆ: ಇವುಗಳಿಂದ ಪ್ರಯೋಜನವಾಗುತ್ತಿದೆಯೇ ಇಲ್ಲವೇ ಎಂಬುದನ್ನು ನಾವು ಯಾವುದರಿಂದ ತಿಳಿಯಬೇಕು?

ನವಜಾತ ಶಿಶು ಘಟಕದ ಶುಶ್ರೂಷಕಿ

ಎದೆ ಎಷ್ಟು ತುಂಬಿದೆ ಎಂಬುದರಿಂದಾಗಲಿ, ಪಂಪಿನಲ್ಲಿ ಎಷ್ಟು ಬಂತು ಎಂಬುದರಿಂದಾಗಲಿ ಅಳೆಯಬೇಡಿ. ಕೆಲವು ವಾರಗಳ ನಂತರ ಎದೆ ಮತ್ತೆ ಮೆತ್ತಗಾಗುತ್ತದೆ, ಅದು ಹಾಲು ಬತ್ತಿದ್ದಲ್ಲ, ಬೇಡಿಕೆಗೆ ತಕ್ಕಂತೆ ಹೊಂದಿಕೊಂಡದ್ದು. ಮಗುವನ್ನೇ ನೋಡಿ. ಐದನೆಯ ದಿನದಿಂದ 24 ಗಂಟೆಗಳಲ್ಲಿ ಆರಾದರೂ ಚೆನ್ನಾಗಿ ಒದ್ದೆಯಾದ ಡೈಪರ್ ಇರಬೇಕು, ಕಪ್ಪು ಮಲ ಹೋಗಿ ಹಳದಿಯ ತೆಳುವಾದ ಮಲ ಬಂದಿರಬೇಕು, ಊಡಿಸುವಾಗ ಕೆಲವು ಸಲ ಚೀಪಿದ ಮೇಲೆ ಗಲ್ಲ ಆಳವಾಗಿ ಇಳಿದು ನುಂಗುವುದು ಕಾಣಬೇಕು. ಹುಟ್ಟಿನ ತೂಕ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಮರಳಿ ಬರಬೇಕು. ಡೈಪರಿನಲ್ಲಿ ಇಟ್ಟಿಗೆ ಬಣ್ಣದ ಕಲೆ ಮೂರನೆಯ ದಿನದ ನಂತರವೂ ಕಾಣುತ್ತಿದ್ದರೆ, ಹಳದಿ ಬಣ್ಣ ಕಾಲಿನವರೆಗೆ ಹರಡಿದ್ದರೆ, ಅಥವಾ ಎಬ್ಬಿಸಿದರೂ ಮಗು ಹಾಲಿಗೆ ಏಳದಿದ್ದರೆ ಅಂದೇ ವೈದ್ಯರ ಬಳಿ ಕರೆತನ್ನಿ. ತಾಯಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ, ಹೊಲಿಗೆಯಿಂದ ಕೀವು ಬಂದರೂ ಅಷ್ಟೇ ಬೇಗ ಬನ್ನಿ. ಹಾಳೆಯೊಂದರ ಮೇಲೆ ಊಡಿಸಿದ ವೇಳೆ, ಡೈಪರ್, ತೂಕ ಇವುಗಳನ್ನು ಬರೆದಿಡಿ. ಬೆನ್ನಿನ ಮಸಾಜ್ ಮಾಡಿದ ವೇಳೆಯನ್ನೂ ಅದರ ಪಕ್ಕದಲ್ಲೇ ಗುರುತು ಹಾಕಿ, ಮುಂದಿನ ತಪಾಸಣೆಗೆ ಬರುವಾಗ ಆ ಹಾಳೆಯನ್ನು ಜೊತೆಗೆ ತನ್ನಿ.